ಆಳವರಿಯದ ನೀರು

ಸೇಡಂ ತಾಲೂಕಿನ ಆದಿತ್ಯನಗರದ ಕೆಲವು ತರುಣರು ನಮ್ಮನ್ನು ಕೇಳಿದ ಒಂದು ಪ್ರಶ್ನೆಯೇ ಈ ಭಾಷಣಕ್ಕೆ ಕಾರಣವಾಯಿತು. ಎತ್ತರದ ಬಂಡೆಯಿಂದ ನೀರಿಗೆ ಧುಮುಕಬೇಕು, ದಡದಲ್ಲಿ ಒಂದು ರಾತ್ರಿ ಬಿಡಾರ ಹೂಡಬೇಕು. ಅಂಥ ಕೆರೆ ನಮ್ಮ ಸೀಮೆಯಲ್ಲಿ ಎಲ್ಲಿದೆ? ಬಯಕೆಯಲ್ಲಿ ತಪ್ಪೇನೂ ಇಲ್ಲ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಬಾವಿಗೆ ಹಾರಿ ಈಜು ಕಲಿತವರ ಮೊಮ್ಮಕ್ಕಳಲ್ಲವೇ ಇವರು?

ಹುಡುಕಲು ಹೊರಟವರ ಕಣ್ಣಿಗೆ ಮೊದಲು ಬೀಳುವುದು ಕೆರೆಯಲ್ಲ, ಗಣಿ. ಶಹಾಬಾದ, ವಾಡಿ, ಚಿತ್ತಾಪುರದ ನೆಲದಡಿಯಲ್ಲಿ ಸುಣ್ಣಕಲ್ಲು ಹಾಸು ಹಾಸಾಗಿ ಮಲಗಿದೆ. ಅದನ್ನು ಎಬ್ಬಿಸಿ ತೆಗೆದ ಫರಸಿಯೇ ನಾಡಿನ ಎಷ್ಟೋ ಮನೆಗಳ ನೆಲವಾಗಿದೆ. ಕೆಲಸ ನಿಂತ ಗಣಿಗಳಲ್ಲಿ ಮಳೆಯ ನೀರು ತುಂಬಿಕೊಳ್ಳುತ್ತದೆ. ನೆಟ್ಟಗೆ ಕಡಿದ ದಡ, ತಿಳಿಯಾದ ನೀಲಿ ನೀರು! ತರುಣರಿಗೆ ಇದಕ್ಕಿಂತ ಹೆಚ್ಚಿನ ಆಮಿಷ ಬೇಕೆ?

ಅಂಥದೊಂದು ಗಣಿಯ ಅಂಚಿನಲ್ಲಿ ನಾವು ಅವರೊಡನೆ ನಿಂತೆವು. ಒಬ್ಬನು ಆಗಲೇ ಅಂಗಿ ಕಳಚಿದ್ದನು. ಅವನನ್ನು ತಡೆದು, ಹಗ್ಗಕ್ಕೆ ಕಲ್ಲು ಕಟ್ಟಿ, ಮಾರಿಗೊಂದು ಗಂಟು ಹಾಕಿ ನೀರಿಗೆ ಇಳಿಬಿಟ್ಟೆವು. ಒಂದು ಗಂಟು ಮುಳುಗುವುದರೊಳಗೇ ಕಲ್ಲು ಠಣ್ಣೆಂದು ತಾಗಿತು. ಎರಡು ಹೆಜ್ಜೆ ಆಚೆಗೆ ಇಳಿಬಿಟ್ಟಾಗ ನಾಲ್ಕು ಗಂಟುಗಳು ಮುಳುಗಿದವು. ಫರಸಿಯನ್ನು ಕಡಿಯುವಾಗ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಾರೆ. ಆ ಮೆಟ್ಟಿಲೇ ನೀರಿನೊಳಗೆ ಅಡಗಿ ಕುಳಿತಿತ್ತು. ಮೇಲಿನಿಂದ ನೋಡುವವನಿಗೆ ಎಲ್ಲವೂ ಒಂದೇ ನೀಲಿ. ಅಂಗಿ ಕಳಚಿದ್ದವನು ಮಾತಾಡದೆ ಅದನ್ನು ಮತ್ತೆ ತೊಟ್ಟುಕೊಂಡನು.

ಲೆಕ್ಕವನ್ನೂ ಕೊಂಚ ನೋಡೋಣ. 5 ಮೀಟರ್ ಎತ್ತರದಿಂದ ಬೀಳುವ ದೇಹ ಒಂದೇ ಸೆಕೆಂಡಿನಲ್ಲಿ ನೀರನ್ನು ಮುಟ್ಟುತ್ತದೆ. ಆಗ ಅದರ ವೇಗ ಗಂಟೆಗೆ ಸುಮಾರು 36 ಕಿಲೋಮೀಟರ್. ಎತ್ತರ 10 ಮೀಟರಾದರೆ ವೇಗ 50ರಷ್ಟಾಗುತ್ತದೆ. ಪಂದ್ಯಗಳ ಈಜುಕೊಳಗಳಲ್ಲಿ 10 ಮೀಟರ್ ಎತ್ತರದ ಕಟ್ಟೆಯ ಕೆಳಗೆ ಸುಮಾರು 5 ಮೀಟರ್ ನೀರಿರಬೇಕೆನ್ನುವುದು ಸುಮ್ಮನೆ ಅಲ್ಲ. ಅಲ್ಲಿ ತಳವೂ ಸಮ, ನೀರಿನ ಮಟ್ಟವೂ ಸ್ಥಿರ. ನಮ್ಮ ಕೆರೆಗಳಲ್ಲಿ ಎರಡೂ ಇಲ್ಲ. ಮಳೆಗಾಲದಲ್ಲಿ ಮೂರಾಳು ಕೆಳಗಿದ್ದ ಬಂಡೆ ಮಾಘಮಾಸದಲ್ಲಿ ಮೊಣಕಾಲಿಗೆ ಬಂದಿರುತ್ತದೆ. ಹೋದ ವರ್ಷ ಇಲ್ಲಿಯೇ ಹಾರಿದ್ದೆವೆಂಬ ಮಾತನ್ನು ನಾವು ಸಾಕ್ಷಿಯಾಗಿ ಒಪ್ಪುವುದಿಲ್ಲ. ಗಣಿಯಲ್ಲಿ ಇನ್ನೊಂದು ಕಷ್ಟವೂ ಉಂಟು: ದಡ ಗೋಡೆಯಂತಿರುವುದರಿಂದ, ಹಾರಿದವನಿಗೆ ಹತ್ತಿ ಬರಲು ದಾರಿಯೇ ಇರುವುದಿಲ್ಲ.

ಕಣ್ಣಿಗೆ ತಂಪಾದ ನೀರು ಬೇಕಾದರೆ ಚಿಂಚೋಳಿಯ ಕಡೆಗೆ ಹೋಗಬೇಕು. ಬಿಸಿಲ ನಾಡೆಂದು ಹೆಸರಾದ ಈ ಜಿಲ್ಲೆಯಲ್ಲಿ ಇಂಥ ಕಾಡು ಗುಡ್ಡಗಳಿವೆಯೆಂದರೆ ದಕ್ಷಿಣದ ಗೆಳೆಯರು ನಂಬುವುದಿಲ್ಲ. ಗುಡ್ಡಗಳ ನಡುವೆ ಚಂದ್ರಂಪಳ್ಳಿ ಜಲಾಶಯ; ಮಳೆಗಾಲದಲ್ಲಿ ಎತ್ತಿಪೋತ ಜಲಪಾತ. ಈ ಅರಣ್ಯವನ್ನು 2011ರಲ್ಲಿ ವನ್ಯಜೀವಿಧಾಮವೆಂದು ಸಾರಲಾಯಿತು. ಆದುದರಿಂದ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಅಲ್ಲಿ ರಾತ್ರಿ ತಂಗುವ ಮಾತಿಲ್ಲ. ಜಲಾಶಯದ ಕಟ್ಟೆ, ತೂಬುಗಳ ಬಳಿ ನೀರಿಗಿಳಿಯುವುದಂತೂ ಬೇಡವೇ ಬೇಡ. ಮೇಲೆ ನಿಶ್ಚಲವಾಗಿ ತೋರುವ ನೀರು ಒಳಗೆ ಸೆಳೆಯುತ್ತಿರಬಹುದು. ಜಲಪಾತದ ಮಡುವಿಗೆ ಪ್ರತಿ ಮಳೆಯೂ ಹೊಸ ಕಲ್ಲುಗಳನ್ನು ಉರುಳಿಸಿ ತರುತ್ತದೆ.

ನಾವು ಕಾಡಿನ ಗಡಿಯಿಂದ ಹೊರಗೆ, ಪರಿಚಯದ ರೈತರೊಬ್ಬರ ಹೊಲದಲ್ಲಿ ಬಿಡಾರ ಹೂಡಿದೆವು. ಕಾರ್ತಿಕ ಮುಗಿದಿತ್ತು. ಹಳ್ಳದ ಪಾತ್ರದಲ್ಲಿ ಮರಳು ಮೆತ್ತಗಿದೆಯೆಂದು ಹುಡುಗರು ಅಲ್ಲಿಯೇ ಹಾಸಲು ಹೊರಟರು. ಮೇಲೆಲ್ಲೋ ಮಳೆ ಬಿದ್ದರೂ ಹಳ್ಳ ಬರಬಹುದೆಂದು ಅವರನ್ನು ದಿನ್ನೆಯ ಮೇಲಕ್ಕೆ ಏರಿಸಿದೆವು. ಎರೆಮಣ್ಣನ್ನು ಬಿಟ್ಟು ಕಲ್ಲುನೆಲವನ್ನು ಆರಿಸಿಕೊಂಡೆವು. ರಾತ್ರಿ ಜೋಳದ ರೊಟ್ಟಿ, ಶೇಂಗಾ ಹಿಂಡಿ. ಮಾತು ಮುಗಿಯುವ ವೇಳೆಗೆ ಚಳಿಯೂ ಏರಿತ್ತು.

ಬೆಳಗ್ಗೆ ಆ ರೈತರೇ ತಮ್ಮ ತೋಟದ ಮೆಟ್ಟಿಲುಬಾವಿಯನ್ನು ತೋರಿಸಿದರು. ಬಾಲ್ಯದಿಂದ ಅದರಲ್ಲಿ ಈಜಿದವರು ಅವರು. ಆದರೂ ಹಗ್ಗ ಬಿಟ್ಟು ನೋಡಿದೆವು: ಎಲ್ಲೆಡೆಯೂ ಮೂರು ಮಾರು. ಈಜು ಬಲ್ಲ ಇಬ್ಬರನ್ನು ನೀರಿನಲ್ಲಿ ಕಾವಲಿಟ್ಟು, ಹಗ್ಗದ ಒಂದು ತುದಿಯನ್ನು ಬೇವಿನ ಮರಕ್ಕೆ ಬಿಗಿದೆವು. ಎತ್ತರ ಒಂದಾಳಿಗಿಂತ ಹೆಚ್ಚಿರಲಿಲ್ಲ. ಕಾಲು ಮುಂದಾಗಿ, ಒಬ್ಬೊಬ್ಬರಾಗಿ ಹಾರಬೇಕೆಂದು ಗೊತ್ತುಮಾಡಿದೆವು. ಮೊದಲು ಹಾರಿದವನು, ಗಣಿಯಂಚಿನಲ್ಲಿ ಅಂಗಿ ಕಳಚಿದ್ದ ಆ ತರುಣನೇ.