ವಿಳಾಸದ ಕೊನೆಯ ಆರು ಅಂಕಿ



ಚನ್ನಗಿರಿಯ ಪಿನ್‌ಕೋಡ್ 577213, ಹೊನ್ನಾಳಿಯದು 577217, ನ್ಯಾಮತಿಯದು 577223. ಜಗಳೂರಿನದು ಮಾತ್ರ 577528. ನಾಲ್ಕೂ ದಾವಣಗೆರೆ ಜಿಲ್ಲೆಯ ತಾಲ್ಲೂಕು ಕೇಂದ್ರಗಳೇ. ಹಾಗಿದ್ದೂ ಜಗಳೂರಿನ ಅಂಕಿ ಏಕೆ ಬೇರೆ ಸಾಲಿನದು? ಉತ್ತರ ಅಂಚೆಯ ಚರಿತ್ರೆಯಲ್ಲಿದೆ.

ಮೈಸೂರು ಸೀಮೆಯಲ್ಲಿ ಅಂಚೆಗೆ ವ್ಯವಸ್ಥಿತ ರೂಪ ಕೊಟ್ಟವರು ಚಿಕ್ಕದೇವರಾಜ ಒಡೆಯರು, 1672ರಲ್ಲಿ. 1889ರಲ್ಲಿ ಆ ಮೈಸೂರು ಅಂಚೆ ಬ್ರಿಟಿಷ್ ಭಾರತದ ಅಂಚೆಯೊಳಗೆ ಸೇರಿಹೋಯಿತು. ರೈಲು ಬಂದ ಮೇಲೆ ಓಡುವ ಗಾಡಿಯಲ್ಲೇ ಕಾಗದಗಳ ವಿಂಗಡಣೆ ನಡೆಯತೊಡಗಿತು. ರೈಲ್ವೆ ಅಂಚೆ ಸೇವೆಯ ನೌಕರರು ಖಾನೆಗಳ ಮುಂದೆ ನಿಂತು, ವಿಳಾಸ ಓದಿ, ಒಂದೊಂದೇ ಕಾಗದವನ್ನು ಅದರದರ ಖಾನೆಗೆ ಸೇರಿಸುತ್ತಿದ್ದರು. ಯಾವ ಹಳ್ಳಿ ಯಾವ ಅಂಚೆ ಕಚೇರಿಗೆ ಸೇರಿದ್ದೆಂಬುದು ಅವರಿಗೆ ಬಾಯಿಪಾಠವಾಗಿರಬೇಕಿತ್ತು. ನಮ್ಮಲ್ಲಿ ಹೊಸಹಳ್ಳಿ, ಗೊಲ್ಲರಹಳ್ಳಿ ಎಂಬ ಹೆಸರಿನ ಊರುಗಳು ಎಷ್ಟಿಲ್ಲ! ಅದರ ಮೇಲೆ ಹಲವು ಭಾಷೆ, ಹಲವು ಲಿಪಿ, ಅವಸರದ ಕೈಬರಹ.

ಈ ಗೊಂದಲಕ್ಕೆ ಪರಿಹಾರ ಕೊಟ್ಟವರು ಕೇಂದ್ರ ಸಂಪರ್ಕ ಸಚಿವಾಲಯದ ಅಧಿಕಾರಿ, ಸಂಸ್ಕೃತ ಕವಿಯೂ ಆಗಿದ್ದ ಶ್ರೀರಾಮ ಭಿಕಾಜಿ ವೇಲಣಕರ್. ಅವರು ರೂಪಿಸಿದ ಪಿನ್‌ಕೋಡ್ 1972ರ ಆಗಸ್ಟ್ 15ರಂದು ಜಾರಿಗೆ ಬಂತು. ಮೊದಲ ಅಂಕಿ ವಲಯವನ್ನು ಹೇಳುತ್ತದೆ. 5 ಎಂದರೆ ಕರ್ನಾಟಕ, ಆಂಧ್ರ, ತೆಲಂಗಾಣ. ಮೊದಲ ಮೂರು ಅಂಕಿ ಸೇರಿದರೆ ವಿಂಗಡಣೆಯ ಜಿಲ್ಲೆ. ಕೊನೆಯ ಮೂರು, ಕಾಗದ ಬಟವಾಡೆ ಮಾಡುವ ಕಚೇರಿಯದು. ಊರಿನ ಹೆಸರು ಓದಲು ಬಾರದವರೂ ಅಂಕಿ ನೋಡಿ ಕಾಗದವನ್ನು ಸರಿಯಾದ ಚೀಲಕ್ಕೆ ಹಾಕಬಹುದಾಯಿತು.

ಆಗ ದಾವಣಗೆರೆ ಜಿಲ್ಲೆಯೇ ಇರಲಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ಅವುಗಳ ಅಂಕಿ ಶಿವಮೊಗ್ಗದ 577201ರ ಸಾಲಿನದು. ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಅದರದು ಚಿತ್ರದುರ್ಗದ 577501ರ ಸಾಲು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಹುಟ್ಟಿತು. ಆಮೇಲೆ ನ್ಯಾಮತಿಯೂ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ಆಡಳಿತದ ಗಡಿ ಬದಲಾದರೂ ಪಿನ್‌ಕೋಡ್ ಬದಲಾಗಲಿಲ್ಲ. ಕಾಗದ ಸಾಗುವ ದಾರಿಗೂ ಜಿಲ್ಲೆಯ ನಕ್ಷೆಗೂ ಲೆಕ್ಕ ಬೇರೆ ಬೇರೆ.

2025ರಲ್ಲಿ ಅಂಚೆ ಇಲಾಖೆ ಡಿಜಿಪಿನ್ ತಂದಿದೆ. ಸುಮಾರು ನಾಲ್ಕು ಮೀಟರ್ ಉದ್ದಗಲದ ಪ್ರತಿ ಚೌಕಕ್ಕೂ ಹತ್ತು ಅಕ್ಷರ-ಅಂಕಿಗಳ ಗುರುತು. ತೋಟದ ಮನೆಗೆ, ಬಾಗಿಲ ನಂಬರಿಲ್ಲದ ಹಟ್ಟಿಗೆ ಇದು ನಿಜವಾದ ಅನುಕೂಲ. ಆದರೂ ಪಿನ್‌ಕೋಡ್ ರದ್ದಾಗಿಲ್ಲ.

ಆದ್ದರಿಂದ ಕೇಳುಗರೇ, ಅರ್ಜಿಯಿರಲಿ, ರಾಖಿಯ ಲಕೋಟೆಯಿರಲಿ, ವಿಳಾಸ ಬರೆಯುವಾಗ ಆರೂ ಅಂಕಿಗಳನ್ನು ಬಿಡಿಬಿಡಿಯಾಗಿ, ಸ್ಪಷ್ಟವಾಗಿ ಬರೆಯಿರಿ. ನಿಮ್ಮೂರಿನ ಪಿನ್‌ಕೋಡನ್ನು ಮನೆಯ ಮಕ್ಕಳಿಗೂ ಕಲಿಸಿ.