ಬೀದರಿಗೆ ಬಂದವರು ಒಂದು ರಾತ್ರಿ ಉಳಿಯಲಿ

ಬೀದರಿನ ತರುಣರೇ, ತರುಣಿಯರೇ! ನಮ್ಮೂರಿಗೆ ಜನ ಬರುತ್ತಿಲ್ಲವೇ? ಬರುತ್ತಿದ್ದಾರೆ. ಬೆಳಿಗ್ಗೆ ಹೈದರಾಬಾದಿನಿಂದ ಕಾರು ಹತ್ತಿ ಬಂದು, ಕೋಟೆಯ ಮುಂದೆ ಫೋಟೊ ತೆಗೆಸಿಕೊಂಡು, ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟದ ನೀರಲ್ಲಿ ನಡೆದೋ, ನಾನಕ್ ಝೀರಾ ಗುರುದ್ವಾರದ ಲಂಗರಿನಲ್ಲಿ ಉಂಡೋ, ಹೊತ್ತು ಮುಳುಗುವ ಮೊದಲೇ ಹೊರಟುಬಿಡುತ್ತಾರೆ. ಅವರ ಜೊತೆ ಅವರ ಜೇಬೂ ಹೊರಡುತ್ತದೆ.

ಅವರು ಒಂದೇ ಒಂದು ರಾತ್ರಿ ಇಲ್ಲಿ ಉಳಿದರೆ? ಲಾಡ್ಜಿನ ಕೋಣೆಯಲ್ಲಿ ದೀಪ ಹೊತ್ತುತ್ತದೆ, ಖಾನಾವಳಿಯ ಅಕ್ಕ ಇನ್ನಷ್ಟು ಜೋಳದ ರೊಟ್ಟಿ ಬಡಿಯುತ್ತಾಳೆ, ಅಷ್ಟೂರಿನ ಗುಮ್ಮಟಗಳತ್ತ ಹೋಗಲು ಆಟೊದವನಿಗೆ ಬೆಳಗಿನ ಬಾಡಿಗೆ ಸಿಗುತ್ತದೆ, ಬಿದರಿ ಕೆಲಸದ ಮುಂದೆ ತಾಸುಗಟ್ಟಲೆ ಕೂತು ನೋಡಲು ಬಂದವರಿಗೆ ಪುರುಸೊತ್ತಾಗುತ್ತದೆ. ಕೂತು ನೋಡಿದವರು ಬರಿಗೈಲಿ ಏಳುವುದಿಲ್ಲ!

ಹೇಗೆ ಎದ್ದಾರು ಹೇಳಿ? ಸತುವಿಗೆ ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಹೂಬಳ್ಳಿ ಕೊರೆದು, ಕೊರೆದ ಗೀರಿನೊಳಗೆ ಬೆಳ್ಳಿಯ ತಂತಿ ಬಡಿದು ಕೂರಿಸಿ, ಕೊನೆಗೆ ನಮ್ಮದೇ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಸೇರಿಸಿ ಬಿಸಿ ಮಾಡಿದಾಗ, ಲೋಹವೆಲ್ಲ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳಗುತ್ತದೆ. ಈ ಕಸಬಿಗಾಗಿಯೇ 2023ರಲ್ಲಿ ನಮ್ಮೂರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ದೇಶವೇ ತಲೆಬಾಗಿದ ಕೈಕೆಲಸ ಇದೇ ಊರಿನ ಹುಡುಗರಿಗೆ ಬೇಡವಾಯಿತೇ? ಇದರಲ್ಲಿ ಸಂಪಾದನೆ ಸಾಲದು ಎನ್ನುತ್ತೀರಿ. ಒಪ್ಪುತ್ತೇನೆ. ಆದರೆ ದಲ್ಲಾಳಿಗೆ ಮಾರುವ ಬೆಲೆ ಬೇರೆ, ಮನೆ ಬಾಗಿಲಿಗೆ ಬಂದವರಿಗೆ ಮಾರುವ ಬೆಲೆ ಬೇರೆ. ಆ ಬಾಗಿಲಿಗೆ ಜನರನ್ನು ಕರೆತರುವವರು ಯಾರು? ನಾವಲ್ಲದೆ ಮತ್ಯಾರು?

ಇರಾನಿನ ಗೀಲಾನಿನಿಂದ ಬಂದ ಮಹಮೂದ್ ಗವಾನ್ 1472ರಲ್ಲಿ ಇಲ್ಲಿ ಮದರಸಾ ಕಟ್ಟಿಸಿದ. ಸಿಡಿಲೋ ಸಿಡಿಮದ್ದೋ, ಅದರ ಒಂದು ಭಾಗವನ್ನು ಕೆಡವಿಹಾಕಿತು. ಉಳಿದ ಮಿನಾರಿನ ಮೇಲೆ ಬಣ್ಣದ ಬಿಲ್ಲೆಗಳು ಇಂದಿಗೂ ಹೊಳೆಯುತ್ತಿವೆ. ದೂರದೇಶದವನು ವಿದ್ಯಾಲಯವನ್ನೇ ಕಟ್ಟಿದ ಮಣ್ಣಿನಲ್ಲಿ ಹುಟ್ಟಿದ ನಾವು ಅದರ ಕಥೆಯನ್ನಾದರೂ ಹೇಳಲಾರೆವೇ? ಕನ್ನಡ, ಉರ್ದು, ಮರಾಠಿ, ತೆಲುಗು ಕಿವಿಗೆ ಬೀಳುತ್ತಲೇ ಬೆಳೆದವರು ನೀವು. ಇಂಥ ಗೈಡುಗಳು ಬೇರೆ ಯಾವ ಊರಿಗೆ ಸಿಕ್ಕಾರು? ನಿಮ್ಮ ನಾಲಿಗೆಯೇ ನಿಮ್ಮ ಬಂಡವಾಳ!

ಇನ್ನೊಂದು ಮಾತು, ಸ್ವಲ್ಪ ಖಾರವಾಗಿಯೇ. ಕೋಟೆಯ ಗೋಡೆಯ ಮೇಲೆ ಪ್ರೇಯಸಿಯ ಹೆಸರು ಕೊರೆಯುವವನು ತನ್ನ ತಮ್ಮನ ನಾಳಿನ ಅನ್ನವನ್ನೇ ಕೆರೆಯುತ್ತಿದ್ದಾನೆ. ನೌಬಾದಿನ ಸುರಂಗಬಾವಿಯನ್ನು ಬಹಮನಿ ಕಾಲದವರು ಜಂಬಿಟ್ಟಿಗೆ ನೆಲ ಕೊರೆದು, ನೆಲದೊಳಗೇ ನೀರು ಹರಿಸಲು ಕಟ್ಟಿದರು. ಅದರಲ್ಲಿ ನಾವು ಪ್ಲಾಸ್ಟಿಕ್ ಎಸೆಯುವುದೇ? ಕೂಡದು.

ಕಾಲೇಜಿನ ಗೆಳೆಯರು ಹತ್ತು ಮಂದಿ ಕೂಡಿ. ಕೋಟೆ, ಮದರಸಾ, ಚೌಬಾರಾಗಳ ಇತಿಹಾಸ ಓದಿ, ತಪ್ಪಿಲ್ಲದೆ ಹೇಳಲು ಕಲಿಯಿರಿ. ಬಿದರಿಯ ಉಸ್ತಾದರ ಪಕ್ಕ ಕೂತು ಉಳಿ ಹಿಡಿಯಿರಿ. ಮನೆಯಲ್ಲಿ ಖಾಲಿ ಕೋಣೆಯಿದ್ದರೆ ಸುಣ್ಣ ಬಳಿದು ಅತಿಥಿಗೆ ಸಿದ್ಧ ಮಾಡಿ. ಕೆಲಸ ಹುಡುಕಿ ಊರು ಬಿಡುವ ಅವಸರ ಬೇಡ, ಬೆಂಗಳೂರಿಗೆ ರೈಲು ನಾಳೆಯೂ ಇದೆ. ಈ ಭಾನುವಾರ ಕೋಟೆಯ ಬಾಗಿಲಿಗೆ ಬನ್ನಿ!