ನಗರದ ನಕ್ಷೆಯೂ ಮಲೆನಾಡಿನ ನೀರೂ



ಬೆಂಗಳೂರಿನ ನಗರ ಯೋಜನೆಗೂ ಘಟ್ಟದ ಅಡಿಕೆ ತೋಟಕ್ಕೂ ಏನು ಸಂಬಂಧವೆಂದು ಕೇಳುವವರುಂಟು. ಸಂಬಂಧ ನೀರಿನದು. ನಗರವು ತನ್ನ ನೆಲವನ್ನು ಕೆಡಿಸಿಕೊಂಡಷ್ಟೂ ಪರರ ನದಿಗೆ ಕೈಚಾಚುತ್ತದೆ.

ಬೆಂಗಳೂರು ದೊಡ್ಡ ನದಿಯಿಲ್ಲದ, ದಿಣ್ಣೆಯ ಮೇಲೆ ಬೆಳೆದ ಊರು. ಅದರ ಪಶ್ಚಿಮ ಭಾಗದ ಮಳೆನೀರು ವೃಷಭಾವತಿಯ ಮೂಲಕ ಅರ್ಕಾವತಿಯನ್ನೂ, ಪೂರ್ವದ ನೀರು ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾದು ದಕ್ಷಿಣ ಪಿನಾಕಿನಿಯನ್ನೂ ಸೇರುತ್ತದೆ. ಒಂದು ಕೆರೆಯ ಕೋಡಿನೀರು ಮತ್ತೊಂದನ್ನು ತುಂಬುವಂತೆ ಹಿರಿಯರು ಈ ಇಳಿಜಾರಿನಲ್ಲಿ ಕೆರೆಗಳ ಸರಪಳಿಯನ್ನೇ ಕಟ್ಟಿದ್ದರು. ದಿಣ್ಣೆಯ ಮೇಲೆ ಮನೆ, ಕೆರೆಯ ಕೆಳಗೆ ಗದ್ದೆ. ಅಂದಿನ ವಲಯ ವಿಂಗಡಣೆಯನ್ನು ನೀರೇ ಬರೆದಿತ್ತು. ಆ ಬರಹ ಕ್ರಮೇಣ ಅಳಿಸಿತು. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು.

ಇಂದಿನ ವಿಂಗಡಣೆಗೆ ಆಧಾರ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಮಹಾಯೋಜನೆಯು ನೆಲವನ್ನು ವಸತಿ, ವಾಣಿಜ್ಯ, ಕೈಗಾರಿಕೆ, ಉದ್ಯಾನ, ಕೃಷಿ ಎಂದು ವಿಭಾಗಿಸುತ್ತದೆ. ಆದರೆ ಅದೇ ಕಾಯ್ದೆಯ 14-ಎ ಕಲಮು ಭೂಬಳಕೆಯ ಬದಲಾವಣೆಗೂ ಬಾಗಿಲು ತೆರೆದಿದೆ. 2007ರಲ್ಲಿ ಒಪ್ಪಿಗೆ ಪಡೆದ ಪರಿಷ್ಕೃತ ಯೋಜನೆಯ ಗುರಿ ವರ್ಷ 2015. ಅದರ ಮುಂದಿನ 2031ರ ಕರಡು 2017ರಲ್ಲಿ ಪ್ರಕಟವಾಗಿ, 2020ರಲ್ಲಿ ಹಿಂಪಡೆಯಲ್ಪಟ್ಟಿತು. ನಗರ ಮಾತ್ರ ಕಾಯಲಿಲ್ಲ. ಅವಧಿ ಮೀರಿದ ನಕ್ಷೆಯ ಮೇಲೆಯೇ ಬೆಳೆಯಿತು.

ಕೆರೆಯ ಅಂಚಿನ ಕಥೆಯನ್ನು ಗಮನಿಸಬೇಕು. 2007ರ ಯೋಜನೆ ಕೆರೆಯ ಸುತ್ತ 30 ಮೀಟರ್ ಬಿಡಬೇಕೆಂದಿತ್ತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಅದನ್ನು 75 ಮೀಟರಿಗೆ ಏರಿಸಿತು. ಶಾಸನಬದ್ಧ ಯೋಜನೆಯನ್ನು ಬದಲಿಸುವ ಅಧಿಕಾರ ಮಂಡಳಿಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಆ ಆದೇಶವನ್ನು ರದ್ದುಗೊಳಿಸಿತು. ಅಂದರೆ, ಯೋಜನೆ ಬರೆಯುವಾಗ ಬಿಟ್ಟುಹೋದದ್ದನ್ನು ಅನಂತರ ನ್ಯಾಯಪೀಠದಿಂದ ಪಡೆಯುವುದು ಕಷ್ಟ. 2022ರ ಸೆಪ್ಟೆಂಬರಿನ ಮಳೆಗೆ ಬೆಳ್ಳಂದೂರು, ಯಮಲೂರು ಸುತ್ತಲಿನ ಬಡಾವಣೆಗಳು ಮುಳುಗಿದವು. ಮನುಷ್ಯರು ಮರೆತ ದಾರಿಯನ್ನು ನೀರು ಮರೆತಿರಲಿಲ್ಲ.

ಮಳೆಗಾಲದಲ್ಲಿ ಮುಳುಗುವ ನಗರವೇ ಬೇಸಿಗೆಯಲ್ಲಿ ಬಾಯಾರುತ್ತದೆ. ಹೆಸರಘಟ್ಟ ಸಾಲದಾದಾಗ 1933ರಲ್ಲಿ ತಿಪ್ಪಗೊಂಡನಹಳ್ಳಿ ಬಂದಿತು. 1974ರಲ್ಲಿ ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿ ಬಂದಳು. 2024ರಲ್ಲಿ ಕಾವೇರಿಯ ಐದನೆಯ ಹಂತವೂ ಉದ್ಘಾಟನೆಗೊಂಡಿತು. ಇದರ ನಡುವೆ, 2019ರಲ್ಲಿ ಶರಾವತಿಯ ನೀರನ್ನೂ ಒಯ್ಯುವ ಪ್ರಸ್ತಾಪ ಎದ್ದು ಮಲೆನಾಡಿಗರು ಬೀದಿಗಿಳಿದರು. ಲಿಂಗನಮಕ್ಕಿಗಾಗಿ ಊರು, ಗದ್ದೆಗಳನ್ನು ಮುಳುಗಿಸಿಕೊಂಡ ಜನರಿಗೆ ಅದು ಎರಡನೆಯ ಕೇಳಿಕೆಯಾಗಿತ್ತು.

ನಗರದ ಬಡವನ ಕೊಡಕ್ಕೆ ನೀರು ಬೇಡವೆಂದು ಯಾರೂ ಹೇಳಲಾರರು. ಆದರೆ ಬಿದ್ದ ಮಳೆಯನ್ನು ಹಿಡಿಯುವ ನೆಲ ಉಳಿಸದೆ ದೂರದ ನದಿಯನ್ನು ತಿರುಗಿಸುವುದು ನ್ಯಾಯವಲ್ಲ.

ಈ ಪಾಠ ಮಲೆನಾಡಿನ ಪೇಟೆಗಳಿಗೂ ಸಲ್ಲುತ್ತದೆ. ಇಲ್ಲಿಯೂ ಗದ್ದೆ ಬಯಲು ನಿವೇಶನವಾಗುತ್ತಿದೆ, ಹಳ್ಳದ ಮೇಲೆ ಮಣ್ಣು ಬೀಳುತ್ತಿದೆ. ವಿದ್ಯಾರ್ಥಿಗಳು ತಮ್ಮ ಗ್ರಾಮ ನಕ್ಷೆಯನ್ನು ಹಿಡಿದು ಕೆರೆ, ಹಳ್ಳ, ಸೊಪ್ಪಿನ ಬೆಟ್ಟಗಳನ್ನು ಗುರುತಿಸಲಿ. ಗ್ರಾಮಸಭೆ ಅವನ್ನು ದಾಖಲಿಸಲಿ. ಪೇಟೆಯ ಯೋಜನೆಯ ಕರಡು ಪ್ರಕಟವಾದಾಗ ಅವಧಿಯೊಳಗೆ ಲಿಖಿತ ಆಕ್ಷೇಪಣೆ ಸಲ್ಲಲಿ. ನಕ್ಷೆಯಲ್ಲಿ ಹಳ್ಳಕ್ಕೊಂದು ಗೆರೆ ಇರುವಾಗಲೇ ಅದನ್ನು ಕಾಯುವುದು ಸುಲಭ.